ಮನೆ ವಿಮೆಯೊಳಗೆ ಕ್ಯಾಮರಾ ಸೇರಿಸಿದ್ದು ಹೀಗೆ

ಕುಮಟಾ, ಹೊನ್ನಾವರ ಕಡೆ ಕ್ಯಾಮರಾ ಹಿಡಿಯುವವರು ಯಾರೇ ಸಿಕ್ಕಲಿ, ಮಾತು ಕೊನೆಗೆ ಇಲ್ಲಿಗೇ ಬರುತ್ತದೆ. "ಮಾಸ್ತರೆ, ನಿಮ್ಮ ಕ್ಯಾಮರಾಕ್ಕೆ ವಿಮೆ ಉಂಟಂತಲ್ಲ? ಎಂತ ಮಾಡಿದ್ರಿ?" ನಿಂತಲ್ಲೇ ಎರಡು ಮಾತಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಹಾಗಾಗಿ ಕೂತು ಬರೆದಿದ್ದೇನೆ.

ನಾನು ಹೈಸ್ಕೂಲ್ ಮಾಸ್ತರ. ರಜೆ ಸಿಕ್ಕರೆ ಅಘನಾಶಿನಿ ಅಳಿವೆಯ ಕಡೆ ಹಕ್ಕಿ ಹುಡುಕಿಕೊಂಡು ಹೋಗುತ್ತೇನೆ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಳಿವೆ ಅದು. ದೀಪಾವಳಿ ಕಳೆದು ಆಟ ಶುರುವಾದರೆ ರಾತ್ರಿ ಯಕ್ಷಗಾನದ ಫೋಟೋ. ಇದಕ್ಕೆಲ್ಲ ಯಾರಿಂದಲೂ ದುಡ್ಡು ತಗೊಳ್ಳುವುದಿಲ್ಲ. ವಿಮೆಯ ಮಟ್ಟಿಗೆ ಈ ಕೊನೆಯ ಮಾತು ಬಹಳ ಮುಖ್ಯ.

ಮನೆಗೆ ವಿಮೆ ಮಾಡಿಸಬೇಕು ಅಂತ ತೀರ್ಮಾನ ಮಾಡಿದ್ದು 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ. ನಮ್ಮ ಮನೆಯ ಹಿಂದೆಯೂ ಒಂದು ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದೆ. ಆ ಮಳೆಗಾಲ ಪೂರ್ತಿ ರಾತ್ರಿ ಜೋರು ಮಳೆ ಬಂದರೆ ಅಮ್ಮನಿಗೆ ನಿದ್ದೆ ಇರಲಿಲ್ಲ. ನಾವು ತೆಗೆದುಕೊಂಡದ್ದು ಭಾರತ್ ಗೃಹ ರಕ್ಷಾ ಪಾಲಿಸಿ. 2021ರ ಏಪ್ರಿಲ್ 1ರಿಂದ ಮನೆಗೆ ಬೆಂಕಿ ವಿಮೆ ಕೊಡುವ ಎಲ್ಲ ಕಂಪನಿಗಳೂ ಇದನ್ನು ಕೊಡಬೇಕು ಅಂತ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮ ಮಾಡಿತ್ತು. ಯಾವ ಕಂಪನಿಯಲ್ಲಿ ತಗೊಂಡರೂ ಮೂಲ ಷರತ್ತು ಒಂದೇ. ಬೆಂಕಿ, ಸಿಡಿಲು, ಚಂಡಮಾರುತ, ನೆರೆ, ಗುಡ್ಡ ಕುಸಿತ ಎಲ್ಲವೂ ಇದರಲ್ಲಿ ಸೇರಿದೆ. ಜಾಗದ ಬೆಲೆ ಲೆಕ್ಕಕ್ಕಿಲ್ಲ, ಮನೆಯನ್ನು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟಕ್ಕೆ ವಿಮೆ.

ಕಟ್ಟಡಕ್ಕೆ ಮಾಡಿಸಿದರೆ ಒಳಗಿನ ಸಾಮಾನಿಗೂ ತಾನಾಗಿ ರಕ್ಷಣೆ ಸಿಗುತ್ತದೆ. ಕಟ್ಟಡದ ವಿಮಾ ಮೊತ್ತದ 20%, ಹೆಚ್ಚೆಂದರೆ 10 ಲಕ್ಷ ರೂಪಾಯಿ. ಮನೆಗೆ 30 ಲಕ್ಷ ಬರೆಸಿದರೆ ಸಾಮಾನಿಗೆ 6 ಲಕ್ಷ ಆಯಿತು. ಅಷ್ಟರ ಮಟ್ಟಿಗೆ ಪಟ್ಟಿ ಕೊಡಬೇಕು ಅಂತಲೂ ಇಲ್ಲ. ಟಿವಿ, ಫ್ರಿಜ್ಜು, ಕಪಾಟು, ಬಟ್ಟೆ ಎಲ್ಲ ಅದರೊಳಗೆ. "ಕ್ಯಾಮರಾನೂ ಮನೆ ಸಾಮಾನಲ್ವಾ ಮಾಸ್ತರೆ? ಮತ್ತೆ ಬೇರೆ ಎಂತಕ್ಕೆ?" ಅಂದರು ಏಜೆಂಟರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಕ್ಯಾಮರಾ ಮನೆಯಲ್ಲೇ ಇದ್ದಾಗಿನ ಮಾತು.

ಪಾಲಿಸಿ ಪುಸ್ತಕ ತಂದು ರಾತ್ರಿ ಕೂತು ಓದಿದೆ. ಕ್ಯಾಮರಾ ಹೊರಗೆ ಹೋದರೆ ಈ ರಕ್ಷಣೆ ಅದರ ಹಿಂದೆ ಬರುವುದಿಲ್ಲ. ಕೈಜಾರಿ ಬಿದ್ದರೆ ಮನೆಯೊಳಗೂ ಇಲ್ಲ, ಯಾಕಂದರೆ ಬೀಳುವುದು ಪಟ್ಟಿಯಲ್ಲಿರುವ ಅಪಾಯವೇ ಅಲ್ಲ. ಇನ್ನು ಕಳವು. ನೆರೆ, ಬೆಂಕಿಯಂಥ ಘಟನೆ ಆಗಿ, ಅದರ 7 ದಿನದೊಳಗೆ ಮನೆಯಿಂದ ಕದ್ದರೆ ಮಾತ್ರ ಮೂಲ ಪಾಲಿಸಿಯಲ್ಲಿ ಲೆಕ್ಕ. ಸುಮ್ನೆ ಒಂದು ರಾತ್ರಿ ಕಳ್ಳ ಬಂದು ಹೋದರೆ ಏನೂ ಸಿಗುವುದಿಲ್ಲ. ಮನೆ ವಿಮೆ ಇದ್ದವರಲ್ಲೂ ಈ ವಿಷಯ ಗೊತ್ತಿಲ್ಲದವರೇ ಜಾಸ್ತಿ. ನನಗೆ ಬೇಸರ ಆಗುವುದು ಇದಕ್ಕೇ. ಪ್ರೀಮಿಯಂ ಕಟ್ಟಿ ಧೈರ್ಯವಾಗಿದ್ದವರಿಗೆ ನಷ್ಟ ಆದ ದಿನ ಗೊತ್ತಾಗಬಾರದು ಇದು.

ಕಳವಿಗೆ ಬೇರೆಯಾಗಿ ಬರ್ಗ್ಲರಿ ವಿಭಾಗ ಸೇರಿಸಿಕೊಳ್ಳಬಹುದು. ಅದರಲ್ಲಿ ಒಂದು ಶಬ್ದ ನೋಡಿಕೊಳ್ಳಿ: ಬಲವಂತವಾಗಿ ಒಳಗೆ ನುಗ್ಗಿರಬೇಕು. ಬಾಗಿಲು ಮುರಿದ, ಕಿಟಕಿ ಸರಳು ಬಗ್ಗಿಸಿದ, ಹಂಚು ತೆಗೆದ ಗುರುತು ಬೇಕು. ನಮ್ಮ ಕರಾವಳಿ ಮನೆಗಳ ರೀತಿ ಗೊತ್ತಲ್ಲ. ಹಗಲು ಹೊತ್ತು ಜಗಲಿ ಬಾಗಿಲು ತೆರೆದೇ ಇರುತ್ತದೆ. ಹಿತ್ತಲ ಕಡೆ ಯಾರೋ ಅಡಿಕೆ ಸುಲಿಯುತ್ತಿರುತ್ತಾರೆ, ಮುಂದೆ ಮೇಜಿನ ಮೇಲೆ ಬ್ಯಾಗು. ತೆರೆದ ಬಾಗಿಲಿಂದ ಬಂದು ಎತ್ತಿಕೊಂಡು ಹೋದರೆ ಅದು ಕಳವು ಹೌದು, ಆದರೆ ಬರ್ಗ್ಲರಿ ಅಲ್ಲ. ಸಾದಾ ಕಳವೂ ಸೇರಬೇಕು ಅಂತ ಕೇಳಿ, ಅದು ಪಾಲಿಸಿಯ ವಿವರ ಪಟ್ಟಿಯಲ್ಲಿ, ಅಂದರೆ ಶೆಡ್ಯೂಲಿನಲ್ಲಿ, ಬರೆದು ಬಂದಿದೆಯಾ ಅಂತ ನೋಡಿಯೇ ನಾನು ಸಹಿ ಹಾಕಿದ್ದು. ಮನೆ ಬಹಳ ದಿನ ಬೀಗ ಹಾಕಿದ್ದರೆ ಕಳವಿನ ರಕ್ಷಣೆ ನಿಲ್ಲುವ ಷರತ್ತೂ ಇರುತ್ತದೆ. ಬೇಸಿಗೆಯಲ್ಲಿ ಮಕ್ಕಳ ಮನೆಗೆ ಅಂತ ಬೆಂಗಳೂರಿಗೆ ಹೋಗಿ ಕೂರುವವರು ಅದನ್ನು ಓದಲೇಬೇಕು.

ಹೊರಗೆ ಒಯ್ಯುವ ಕ್ಯಾಮರಾಕ್ಕೆ ಬೇಕಾದ್ದು 'ಆಲ್ ರಿಸ್ಕ್' ವಿಭಾಗ. ಹಳೆಯ ಹೌಸ್‌ಹೋಲ್ಡರ್ ಪಾಲಿಸಿಗಳಲ್ಲಿ ಚಿನ್ನ, ವಾಚು, ಕ್ಯಾಮರಾದಂಥ ಜೊತೆಗೆ ಒಯ್ಯುವ ವಸ್ತುಗಳಿಗೆ ಇದು ಇತ್ತು. ಈಗಲೂ ಕೆಲವು ಕಂಪನಿಗಳು ಮನೆ ಪಾಲಿಸಿಯ ಜೊತೆ ಸೇರಿಸಿ ಕೊಡುತ್ತವೆ. ಬಿದ್ದು ಒಡೆದರೆ, ಬಸ್ಸಲ್ಲಿ ಕಳವಾದರೆ, ನೀರಿಗೆ ಬಿದ್ದರೆ ಅನ್ವಯ ಆಗುವುದು ಇದೇ. ನನ್ನ ಪಾಲಿಸಿಯಲ್ಲಿ ಭಾರತದೊಳಗೆ ಎಲ್ಲಿ ಒಯ್ದರೂ ಸರಿ. ಪ್ರೀಮಿಯಂ ಬೆಂಕಿ ವಿಮೆಗಿಂತ ಜಾಸ್ತಿ, ಅದರ ಮೇಲೆ 18% ಜಿಎಸ್‌ಟಿ. ಆದರೂ ಕ್ಯಾಮರಾದ ಮಟ್ಟಿಗೆ ನಾನು ಕೊಡುವ ದುಡ್ಡಿಗೆ ಅರ್ಥ ಇರುವುದು ಈ ವಿಭಾಗದಲ್ಲಿ.

ಇಲ್ಲಿ ಒಂದೊಂದು ವಸ್ತುವನ್ನೂ ಬೇರೆ ಬೇರೆ ಬರೆಸಬೇಕು. 'ಕ್ಯಾಮರಾ ಸೆಟ್ ಒಂದು' ಅಂತ ಬರೆದರೆ ಮುಂದೆ ವಾದಕ್ಕೆ ದಾರಿ. ನಾನು ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಎಲ್ಲವನ್ನೂ ಸಾಲಾಗಿ ಇಟ್ಟೆ. ಬಾಡಿ, ಲೆನ್ಸುಗಳು, ಫ್ಲ್ಯಾಶು, ಟ್ರೈಪಾಡು. ಬಾಡಿಯ ಸೀರಿಯಲ್ ನಂಬರು ತಳದಲ್ಲಿ ಒಂದು ಚಿಕ್ಕ ಸ್ಟಿಕ್ಕರಿನ ಮೇಲಿತ್ತು. ಕೈಬೆವರು, ಉಪ್ಪುಗಾಳಿಗೆ ಅದು ಅರ್ಧ ಅಳಿಸಿ, ಕೊನೆಯ ಅಂಕಿ 3 ಅಥವಾ 8 ಅಂತಲೇ ತಿಳಿಯುವಂತಿರಲಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ, ಆಗಲಿಲ್ಲ. ಕಡೆಗೆ ಅದೇ ಕ್ಯಾಮರಾದಲ್ಲಿ ತೆಗೆದ ಒಂದು ಫೋಟೋ ಫೈಲಿನ ಮಾಹಿತಿ ತೆರೆದೆ. ಅಲ್ಲಿ ನಂಬರು ಪೂರ್ತಿ ಇತ್ತು. ಎಷ್ಟೋ ಕ್ಯಾಮರಾಗಳು ತಮ್ಮ ನಂಬರನ್ನು ಪ್ರತಿ ಫೋಟೋದಲ್ಲೂ ಹೀಗೆ ಬರೆದಿಡುತ್ತವೆ. ಕ್ಯಾಮರಾ ನನ್ನದೇ ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ. ಲೆನ್ಸಿನ ನಂಬರು ಅದು ಬಾಡಿಗೆ ಕೂರುವ ಮೌಂಟಿನ ಹತ್ತಿರ ಸಿಕ್ಕಿತು. ನಂಬರು ಕಾಣುವಂತೆ ಒಂದು ಫೋಟೋ, ಬಿಲ್ಲಿನ ಜೊತೆ ಇಟ್ಟು ಇನ್ನೊಂದು. ಅಂಗಡಿಯ ಬಿಲ್ಲು ಕೆಲವೇ ವರ್ಷಕ್ಕೆ ಮಾಸಿ ಬಿಳಿ ಹಾಳೆ ಆಗುತ್ತದೆ. ಮೊದಲೇ ಸ್ಕ್ಯಾನ್ ಮಾಡಿ ನಿಮಗೇ ಇಮೇಲ್ ಕಳಿಸಿಕೊಳ್ಳಿ.

ಒಂದು ಲೆನ್ಸು ಸೆಕೆಂಡ್ ಹ್ಯಾಂಡ್. ಬಿಲ್ಲಿಲ್ಲ. ಮಾರಿದವರಿಂದ ಸೀರಿಯಲ್ ನಂಬರು ಹಾಕಿ ಒಂದು ರಸೀದಿ ಬರೆಸಿಕೊಂಡೆ, ಬ್ಯಾಂಕಿನಿಂದ ಹಣ ಹೋದ ದಾಖಲೆಯನ್ನೂ ಜೊತೆಗಿಟ್ಟೆ. ಕಂಪನಿ ಒಪ್ಪಿತು.

ಮೊತ್ತ ಎಷ್ಟು ಬರೆಸಬೇಕು? ಕೊಂಡಾಗ ಕೊಟ್ಟ ಬೆಲೆ ಬಿಡಿ. ಅದೇ ವಸ್ತು ಇವತ್ತು ಹೊಸದು ಕೊಳ್ಳಲು ಎಷ್ಟು ಬೇಕೋ ಅಷ್ಟು. ಪ್ರೀಮಿಯಂ ಉಳಿಸಲು ಕಮ್ಮಿ ಬರೆಸಿದರೆ ಸಣ್ಣ ರಿಪೇರಿಯಲ್ಲೂ ಹೊಡೆತ ಬೀಳುತ್ತದೆ. 2 ಲಕ್ಷದ ಲೆನ್ಸಿಗೆ 1 ಲಕ್ಷ ಬರೆಸಿದ್ದೀರಿ, 20 ಸಾವಿರದ ರಿಪೇರಿ ಬಂತು ಅನ್ನಿ. ಬರೆಸಿದ್ದು ಬೆಲೆಯ ಎಷ್ಟು ಪಾಲೋ ನಷ್ಟದಲ್ಲೂ ಅಷ್ಟೇ ಪಾಲು ಕೊಡುವ 'ಸರಾಸರಿ ಷರತ್ತು' ಇದ್ದರೆ ನಿಮಗೆ ಸಿಗುವುದು 10 ಸಾವಿರ. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಜೊತೆಗೆ ಸೇರಿಸಿದ ವಿಭಾಗಗಳಲ್ಲಿ ಇರಬಹುದು, ಅದಕ್ಕೇ ಕೇಳಬೇಕು. ಹಳೆಯದಕ್ಕೆ ಸವಕಳಿ ಕಳೆದು ಕೊಡುತ್ತೀರಾ, ಹೊಸದರ ಬೆಲೆ ಕೊಡುತ್ತೀರಾ ಅಂತಲೂ ಕೇಳಿ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಬರುತ್ತದೆ, ಕ್ಲೇಮಿನ ದಿನ ಅದು ಎಲ್ಲಿಯೂ ಸಿಗುವುದಿಲ್ಲ. ನಾನು ಇಮೇಲಿನಲ್ಲಿ ಕೇಳಿದೆ, ಉತ್ತರ ಬಂದದ್ದನ್ನು ಪ್ರಿಂಟ್ ತೆಗೆದು ಪಾಲಿಸಿಗೆ ಪಿನ್ ಮಾಡಿ ಇಟ್ಟಿದ್ದೇನೆ.

ಕ್ಲೇಮು ಮಾಡುವ ಸಂದರ್ಭವೂ ಬಂತು. ಬಯಲಾಟ ನಡೆಯುತ್ತಿತ್ತು. ಕತ್ತಲಲ್ಲಿ ಯಾರದೋ ಕಾಲು ಟ್ರೈಪಾಡಿಗೆ ತಾಗಿ, ದೊಡ್ಡ ಲೆನ್ಸು ಹೋಗಿ ಚಿರೆಕಲ್ಲಿಗೆ ಬಡಿಯಿತು. ಫೋಕಸ್ ರಿಂಗು ತಿರುಗುತ್ತಲೇ ಇರಲಿಲ್ಲ. ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದೆ, ಪಕ್ಕದಲ್ಲಿದ್ದ ಸ್ನೇಹಿತರ ಒಪ್ಪಿಗೆ ಪಡೆದು ಸಾಕ್ಷಿಗೆ ಅವರ ಹೆಸರು ಬರೆದುಕೊಂಡೆ. ಬೆಳಿಗ್ಗೆಯೇ ಕಂಪನಿಗೆ ಫೋನು, ಹಿಂದೆಯೇ ಇಮೇಲು. ರಿಪೇರಿಗೆ ಕೊಡುವ ಮೊದಲು ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ನೋಡಬೇಕು. ಅವರು ಹುಬ್ಬಳ್ಳಿಯಿಂದ ಬರುವ ತನಕ ಲೆನ್ಸನ್ನು ಬಿಚ್ಚದೆ ಹಾಗೇ ಇಟ್ಟಿದ್ದೆ. "ಮಾಸ್ತರೆ, ಆಟದ ಫೋಟೋಕ್ಕೆ ಮೇಳದವರು ದುಡ್ಡು ಕೊಡ್ತಾರಾ?" ಅಂತ ಅವರು ಮೊದಲು ಕೇಳಿದರು. ಇಲ್ಲ ಅಂದೆ, ಅದನ್ನೇ ಬರೆದೂ ಕೊಟ್ಟೆ. ಸರ್ವಿಸ್ ಸೆಂಟರಿನ ಅಂದಾಜು ಪಟ್ಟಿ, ರಿಪೇರಿ ಬಿಲ್ಲು, ಬದಲಾಯಿಸಿದ ಹಳೆಯ ಭಾಗ ಎಲ್ಲವನ್ನೂ ಕೇಳಿದರು. ಪಾಲಿಸಿಯಲ್ಲಿ ಬರೆದಿದ್ದ ನಮ್ಮ ಪಾಲಿನ ಕಡಿತ ಕಳೆದು ಉಳಿದದ್ದು ಬ್ಯಾಂಕಿಗೆ ಬಂತು. ಕಳವಾಗಿದ್ದರೆ ಪೊಲೀಸ್ ಎಫ್‌ಐಆರ್ ಕೂಡ ಬೇಕಾಗುತ್ತಿತ್ತು. ಕಂಪನಿಯ ತೀರ್ಮಾನ ಒಪ್ಪಿಗೆ ಆಗದಿದ್ದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಬೇಕು. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಮೆಯ ದೂರು ಕೇಳುವ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಫೀ ಇಲ್ಲ, ವಕೀಲರೂ ಬೇಡ.

ಲೆನ್ಸಿಗೆ ಹಿಡಿಯುವ ಬೂಸ್ಟಿಗೆ ಮಾತ್ರ ವಿಮೆ ಇಲ್ಲ. ತುಕ್ಕು, ಬೂಸ್ಟು, ನಿಧಾನಕ್ಕೆ ಆಗುವ ಹಾನಿ ಎಲ್ಲ ಹೊರಗೆ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿಯ ತೇವ 80–90% ತನಕ ಹೋಗುತ್ತದೆ. ನಾನು ಡ್ರೈ ಕ್ಯಾಬಿನೆಟ್ಟಿನಲ್ಲಿ 40ರಿಂದ 50%ರೊಳಗೆ ಇಡುತ್ತೇನೆ. ಅಷ್ಟು ಖರ್ಚು ಬೇಡ ಅನ್ನುವವರಿಗೆ ಗಟ್ಟಿ ಮುಚ್ಚಳದ ಡಬ್ಬಿ, ಆಗಾಗ ಒಣಗಿಸಿದ ಸಿಲಿಕಾ ಜೆಲ್ ಸಾಕು.

ಮದುವೆ, ಉಪನಯನಕ್ಕೆ ದುಡ್ಡು ತಗೊಂಡು ಫೋಟೋ ತೆಗೆಯುವ ಹುಡುಗರು ನಮ್ಮ ಕಡೆ ಬಹಳ ಇದ್ದಾರೆ. ಅವರಿಗೆ ಈ ದಾರಿ ನಾನು ಹೇಳುವುದಿಲ್ಲ. ಸಂಪಾದನೆಯ ಸಾಮಾನು ಮನೆ ಸಾಮಾನು ಅಲ್ಲ ಅಂತ ಕಂಪನಿ ಕ್ಲೇಮು ತಿರಸ್ಕರಿಸಬಹುದು. ಅವರು ಎಲೆಕ್ಟ್ರಾನಿಕ್ ಸಲಕರಣೆಗಳ ವಿಮೆ ಕೇಳಬೇಕು. ಹೊರಗೆ ಒಯ್ಯುವ ಸಾಮಾನಿಗೂ ಅನ್ವಯ ಅಂತ ಅದರಲ್ಲಿ ಬರೆಸಬೇಕು. ಡ್ರೋನ್ ಇದ್ದರೆ ಅದಕ್ಕೆ ಪಾಲಿಸಿಯೇ ಬೇರೆ.