ಡಬ್ಬದೊಳಗೆ ಏನಿದೆ? ಮೂರು ಭಾಷೆಯಿಂದಲೂ ಒಂದೇ ಉತ್ತರ ಹೊರಡಿಸುವುದು ಹೇಗೆ

ಒಂದು ಸಂಘದ ವಂತಿಗೆ ಲೆಕ್ಕಕ್ಕೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೊಂದು ಪುಟ್ಟ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಸಾಲಿನಲ್ಲಿ ಸಂಖ್ಯೆ ಕಂಡಲ್ಲೆಲ್ಲ ಕೂಡುತ್ತಾ ಹೋಗುವುದಷ್ಟೇ ಅದರ ಕೆಲಸ. ಮೊತ್ತ 37 ರೂಪಾಯಿ ಜಾಸ್ತಿ ಬಂತು. ರಸೀದಿ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದೆವು. ಕೊನೆಗೆ ಸಿಕ್ಕಿತು. ‘ರಸೀದಿ ಕೊಟ್ಟಾಯಿತೇ?’ ಅನ್ನುವ ಕಾಲಂನಲ್ಲಿ 37 ಜನರ ಮುಂದೆ ‘ಟ್ರೂ’ (ಹೌದು) ಅಂತಿತ್ತು. ಸ್ಕ್ರಿಪ್ಟ್ ಅದನ್ನೂ ಒಂದೊಂದು ರೂಪಾಯಿ ಅಂತ ಸೇರಿಸಿಕೊಂಡು ಕೂತಿತ್ತು.

ತಪ್ಪು ನನ್ನದೇ. ಪೈಥಾನ್‌ನಲ್ಲಿ ‘ಬೂಲ್’ (ಹೌದು-ಇಲ್ಲ ಬಗೆ) ಅನ್ನುವುದು ‘ಇಂಟ್’ನ (ಪೂರ್ಣಾಂಕದ) ಒಂದು ಉಪಜಾತಿ. ಬೂಲ್ 2003ರಲ್ಲಿ 2.3ನೇ ಆವೃತ್ತಿಯೊಂದಿಗೆ ಬಂದಾಗಿನಿಂದಲೂ ಹಾಗೇ. ಟ್ರೂಗೆ ಟ್ರೂ ಕೂಡಿಸಿ ನೋಡಿ, 2 ಬರುತ್ತದೆ. ಅದೇ ಜಾವಾಸ್ಕ್ರಿಪ್ಟ್‌ನಲ್ಲಿ ಟ್ರೂ ಯಾವ ಬಗೆ ಅಂತ ಕೇಳಿದರೆ ‘ಬೂಲಿಯನ್’ ಅನ್ನುತ್ತದೆ, ನಂಬರ್ ಅನ್ನುವುದಿಲ್ಲ.

ಈ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ವೇರಿಯಬಲ್ ಅಂದರೆ ಅಡುಗೆಮನೆಯ ಡಬ್ಬ ಇದ್ದಂತೆ. ಇವತ್ತು ರವೆ, ನಾಳೆ ಅವಲಕ್ಕಿ. ಚೀಟಿ ಅಂಟಿರುವುದು ಡಬ್ಬಕ್ಕಲ್ಲ, ಒಳಗಿನ ಸಾಮಾನಿಗೆ. ಫಾರಂ ಜಾವಾಸ್ಕ್ರಿಪ್ಟ್‌ನಲ್ಲಿ, ಲೆಕ್ಕ ಪೈಥಾನ್‌ನಲ್ಲಿ, ವರದಿ ಪಿಎಚ್‌ಪಿಯಲ್ಲಿ ಇದ್ದರೆ ಒಂದೇ ಸಾಮಾನಿಗೆ ಮೂರು ಚೀಟಿ. 2.5 ಅನ್ನುವ ಬೆಲೆಗೆ (ವ್ಯಾಲ್ಯೂಗೆ) ಜಾವಾಸ್ಕ್ರಿಪ್ಟ್ ‘ನಂಬರ್’ ಅನ್ನುತ್ತದೆ, ಪೈಥಾನ್ ‘ಫ್ಲೋಟ್’ (ದಶಮಾಂಶ ಸಂಖ್ಯೆ) ಅನ್ನುತ್ತದೆ. ಪಿಎಚ್‌ಪಿಯ ಹಳೆಯ ‘ಗೆಟ್‌ಟೈಪ್’ ಮಾತ್ರ ಇವತ್ತಿಗೂ ‘ಡಬಲ್’ ಅನ್ನುತ್ತದೆ! 2020ರ ಪಿಎಚ್‌ಪಿ 8ರಲ್ಲಿ ‘ಗೆಟ್ ಡಿಬಗ್ ಟೈಪ್’ ಬಂದ ಮೇಲೆ ಅಲ್ಲೂ ‘ಫ್ಲೋಟ್’ ಅಂತ ಕೇಳಿಸಿಕೊಳ್ಳಬಹುದು.

ಹೆಜ್ಜೆ 1: ನಿಮ್ಮದೇ ಹೆಸರುಗಳನ್ನು ಇಟ್ಟುಕೊಳ್ಳಿ

ಭಾಷೆ ಕೊಡುವ ಹೆಸರನ್ನು ಹಾಗೇ ಹೋಲಿಸಲು ಹೋಗಬೇಡಿ. ಏಳು ಹೆಸರು ಸಾಕು: ಖಾಲಿ, ಹೌದು-ಇಲ್ಲ, ಸಂಖ್ಯೆ, ಪಠ್ಯ, ಪಟ್ಟಿ, ಜೋಡಿ, ಇತರೆ. ‘ಜೋಡಿ’ ಅಂದರೆ ಹೆಸರು ಮತ್ತು ಬೆಲೆ ಜೊತೆಯಾಗಿರುವಂಥದ್ದು, ಪೈಥಾನ್‌ನ ಡಿಕ್ಟ್ ಥರ.

ಪೂರ್ಣಾಂಕ, ದಶಮಾಂಶ ಅಂತ ಎರಡು ಮಾಡೋಣ ಅನಿಸುತ್ತದೆ, ಅಲ್ವಾ? ಬೇಡ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ನಂಬರ್‌ನಲ್ಲಿ 1.0 ಮತ್ತು 1 ಒಂದೇ. ಪೈಥಾನ್‌ನಲ್ಲಿ ಬೇರೆ ಬೇರೆ ಬಗೆ. ಒಬ್ಬರಿಗೆ ಕಾಣದ ವ್ಯತ್ಯಾಸವನ್ನು ಮೂವರ ಪಟ್ಟಿಗೂ ಹಾಕಿದರೆ ಜಗಳ ಮುಗಿಯುವುದಿಲ್ಲ.

ಹೆಜ್ಜೆ 2: ಭಾಷೆಗೊಂದು ಫಂಕ್ಷನ್, ಕೇಳುವ ಸಾಲು ಒಂದೇ

ಪ್ರತಿ ಭಾಷೆಯಲ್ಲೂ ಒಂದು ಪುಟ್ಟ ಫಂಕ್ಷನ್ ಬರೆಯಿರಿ. ಪ್ರಶ್ನೆಗಳನ್ನು ಮೇಲಿನ ಪಟ್ಟಿಯ ಸಾಲಿನಲ್ಲೇ ಕೇಳಿ. ಈ ಸಾಲು ಸುಮ್ನೆ ಇಟ್ಟದ್ದಲ್ಲ.

ಮೊದಲು ‘ಖಾಲಿ’ಯೇ ಯಾಕೆ? ಜಾವಾಸ್ಕ್ರಿಪ್ಟ್‌ನಲ್ಲಿ ‘ಟೈಪ್‌ಆಫ್ ನಲ್’ ಅಂತ ಕೇಳಿದರೆ ‘ಆಬ್ಜೆಕ್ಟ್’ ಅನ್ನುತ್ತದೆ. ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಹತ್ತು ದಿನದಲ್ಲಿ ಮೊದಲ ರೂಪ ಕಟ್ಟಿದ ಭಾಷೆ ಅದು. ಆಗ ಪ್ರತಿ ಬೆಲೆಯ ಜೊತೆ ಬಗೆಯ ಗುರುತಾಗಿ ಕೆಲವು ಬಿಟ್ ಇಡುತ್ತಿದ್ದರು. ಆಬ್ಜೆಕ್ಟ್‌ನ ಗುರುತು ಸೊನ್ನೆ. ನಲ್ ಅಂದರೆ ಎಲ್ಲ ಬಿಟ್ಟೂ ಸೊನ್ನೆ. ಹಾಗಾಗಿ ನಲ್ಲೂ ಆಬ್ಜೆಕ್ಟ್ ಸಾಲಿಗೆ ಸೇರಿಬಿಟ್ಟಿತು. ಸರಿಮಾಡುವ ಪ್ರಸ್ತಾವ ಬಂದಿತ್ತು, ಆದರೆ ಹಳೆಯ ವೆಬ್ ಪುಟಗಳು ಕೆಡುತ್ತವೆ ಅಂತ ಕೈಬಿಟ್ಟರು. ಆದ್ದರಿಂದ ನಲ್, ಅನ್‌ಡಿಫೈನ್ಡ್ ಎರಡನ್ನೂ ಬಾಗಿಲಲ್ಲೇ ಹಿಡಿದು ‘ಖಾಲಿ’ ಅನ್ನಿ.

‘ಹೌದು-ಇಲ್ಲ’ ಪ್ರಶ್ನೆ ಸಂಖ್ಯೆಗಿಂತ ಮೊದಲು ಬರಬೇಕು. ಯಾಕೆ ಅಂತ ನನ್ನ 37 ರೂಪಾಯಿ ಹೇಳುತ್ತದೆ. ಬೆಲೆ ಇಂಥ ಬಗೆಯದ್ದೇ ಅಂತ ನೋಡುವ ಪೈಥಾನ್‌ನ ‘ಈಸ್‌ಇನ್‌ಸ್ಟನ್ಸ್’ಗೆ ಮೊದಲು ಬೂಲ್ ಕೊಟ್ಟು ಕೇಳಿ, ಆಮೇಲೆ ಇಂಟ್, ಫ್ಲೋಟ್.

ಸಂಖ್ಯೆಯಲ್ಲಿ ಒಂದು ಕಳ್ಳ ಇದ್ದಾನೆ: ‘ನಾನ್’. ಹೆಸರಿನ ಅರ್ಥವೇ ‘ಸಂಖ್ಯೆ ಅಲ್ಲ’ ಅಂತ, ಆದರೂ ಮೂರೂ ಭಾಷೆ ಅವನನ್ನು ಸಂಖ್ಯೆ ಅಂತಲೇ ಕರೆಯುತ್ತವೆ. ಅವನನ್ನು ‘ಇತರೆ’ಗೆ ತಳ್ಳಿ.

ಪಠ್ಯಕ್ಕೆ ಬಂದಾಗ ಪಿಎಚ್‌ಪಿಯವರಿಗೊಂದು ಮಾತು. ‘ಈಸ್ ನ್ಯೂಮರಿಕ್’ ಬಳಸಬೇಡಿ. ಬೆಂಗಳೂರಿನ ಎಸ್‌ಟಿಡಿ ಕೋಡ್ "080" ಪಠ್ಯವಾಗಿ ಬಂದಿದೆ ಅಂದುಕೊಳ್ಳಿ. ಈಸ್ ನ್ಯೂಮರಿಕ್ ಅದನ್ನು ನೋಡಿ ಹೌದು ಅನ್ನುತ್ತದೆ. ಅದನ್ನು ನಂಬಿ ಸಂಖ್ಯೆ ಮಾಡಿದರೆ ಮುಂದಿನ ಸೊನ್ನೆ ಹೋಗಿ 80 ಉಳಿಯುತ್ತದೆ. ಸಂಖ್ಯೆಯಂತೆ ಕಾಣುವುದು ಬೇರೆ, ಸಂಖ್ಯೆಯೇ ಆಗಿರುವುದು ಬೇರೆ. ‘ಈಸ್ ಸ್ಟ್ರಿಂಗ್’ ಅಂತ ಕೇಳಿ, ಸಾಕು.

ಪಟ್ಟಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ‘ಅರೇ ಡಾಟ್ ಈಸ್‌ಅರೇ’ ಒಂದೇ ದಾರಿ ಅಂದುಕೊಳ್ಳಿ. ಟೈಪ್‌ಆಫ್ ಪಟ್ಟಿಯನ್ನೂ ಆಬ್ಜೆಕ್ಟ್ ಅನ್ನುತ್ತದೆ. ‘ಇನ್‌ಸ್ಟನ್ಸ್‌ಆಫ್’ ಬೇರೆ ಐಫ್ರೇಮ್‌ನಿಂದ (ಪುಟದೊಳಗೆ ಕೂರಿಸಿದ ಇನ್ನೊಂದು ಪುಟದಿಂದ) ಬಂದ ಪಟ್ಟಿಯನ್ನು ಪರಕೀಯ ಅಂತ ಆಚೆ ನಿಲ್ಲಿಸುತ್ತದೆ. ಪೈಥಾನ್‌ನಲ್ಲಿ ಲಿಸ್ಟ್, ಟ್ಯೂಪಲ್ ಎರಡೂ ಪಟ್ಟಿಯೇ. ಪಿಎಚ್‌ಪಿಯಲ್ಲಿ ಪಟ್ಟಿಯೂ ಜೋಡಿಯೂ ಒಂದೇ ಅರೇ. ಹಾಗಾಗಿ 8.1ರಲ್ಲಿ ಬಂದ ‘ಅರೇ ಈಸ್ ಲಿಸ್ಟ್’ ಬೇಕು. ಉಳಿದದ್ದು, ತಾರೀಖು ಗೀರೀಖು ಎಲ್ಲ, ‘ಇತರೆ’.

ಹೆಜ್ಜೆ 3: ಒಂದೇ ಫೈಲ್ ಮೂವರಿಗೂ ಓದಿಸಿ

ಒಂದು ಜೇಸನ್ ಫೈಲ್ (ಮೂರೂ ಭಾಷೆ ಓದಬಲ್ಲ ಪಠ್ಯ ರೂಪದ ಮಾಹಿತಿ ಫೈಲ್) ಮಾಡಿ. ಸಾಲಿಗೊಂದು ಬೆಲೆ: ನಲ್, ಟ್ರೂ, 0, 1.0, "080", ಖಾಲಿ ಪಠ್ಯ, ಖಾಲಿ ಪಟ್ಟಿ, ಖಾಲಿ ಜೋಡಿ. ಮೂರೂ ಭಾಷೆಯಲ್ಲಿ ಸಾಲು ಸಾಲಾಗಿ ಓದಿಸಿ, ನಿಮ್ಮ ಫಂಕ್ಷನ್ ಹೇಳಿದ ಹೆಸರನ್ನು ಒಂದೊಂದು ಫೈಲಿಗೆ ಬರೆಸಿ. ಆಮೇಲೆ ‘ಡಿಫ್’ ಕಮಾಂಡ್ ಕೊಟ್ಟು ಎರಡೆರಡು ಫೈಲಾಗಿ ಹೋಲಿಸಿ. ಏನೂ ಕಾಣಿಸದಿದ್ದರೆ ಮೂರೂ ಒಂದೇ.

ನನಗೆ ಮೊದಲ ಸಲ ಕೊನೆಯ ಸಾಲಿನಲ್ಲಿ ವ್ಯತ್ಯಾಸ ಬಂತು. ಖಾಲಿ ಜೋಡಿಗೆ ಪಿಎಚ್‌ಪಿ ಮಾತ್ರ ‘ಪಟ್ಟಿ’ ಅಂತಿತ್ತು. ಫಂಕ್ಷನ್‌ನಲ್ಲಿ ಹುಳುಕು ಹುಡುಕಿ ಸುಸ್ತಾದೆ. ಹುಳುಕು ಇದ್ದದ್ದು ಓದುವ ಜಾಗದಲ್ಲಿ. ‘ಜೇಸನ್ ಡಿಕೋಡ್’ಗೆ ಎರಡನೇ ಮಾತಾಗಿ ಟ್ರೂ ಕೊಟ್ಟಿದ್ದೆ. ಹಾಗೆ ಕೊಟ್ಟರೆ ಜೋಡಿಗಳೂ ಅರೇ ಆಗಿಯೇ ಬರುತ್ತವೆ. ಖಾಲಿ ಇದ್ದರಂತೂ ಪಟ್ಟಿಗೂ ಜೋಡಿಗೂ ಗುರುತೇ ಉಳಿಯುವುದಿಲ್ಲ. ಆ ಟ್ರೂ ತೆಗೆದೆ. ಈಗ ಜೋಡಿ ‘ಎಸ್‌ಟಿಡಿಕ್ಲಾಸ್’ (ಪಿಎಚ್‌ಪಿಯ ಸಾದಾ ಆಬ್ಜೆಕ್ಟ್) ಆಗಿ ಬಂತು. ಫಂಕ್ಷನ್‌ನಲ್ಲಿ ಅದಕ್ಕೊಂದು ಸಾಲು ಸೇರಿಸಿದೆ, ಡಿಫ್ ಬಾಯಿ ಮುಚ್ಚಿತು.