ಎಲೆಗೆ ಬೇರು ಬಂತು, ಮರಿ ಬರಲಿಲ್ಲ: ಬೇರಿನ ಹಾರ್ಮೋನ್ ಯಾವುದಕ್ಕೆ, ಎಷ್ಟು, ಹೇಗೆ

ಹೋದ ವರ್ಷ ಜೂನ್‌ನಲ್ಲಿ ಚಿಕ್ಕಬಳ್ಳಾಪುರದ ನಮ್ಮ ಮನೆ ಮಹಡಿ ಮೇಲೆ ಒಂದು ಟ್ರೇ ತುಂಬಾ ಎಚೆವೆರಿಯಾ ಅನ್ನುವ ಸಕ್ಯುಲೆಂಟಿನ (ನೀರು ತುಂಬಿದ ದಪ್ಪ ಎಲೆಯ ಗಿಡ) ಎಲೆ ಮಲಗಿಸಿದ್ದೆ, ಒಂದೊಂದರಿಂದಲೂ ಮರಿ ಗಿಡ ಬರಲಿ ಅಂತ. ಒಟ್ಟು 36 ಎಲೆ. ಬೇಗ ಬರಲಿ ಅಂತ ಒಂದೊಂದರ ಬುಡಕ್ಕೂ ಬೇರಿನ ಪುಡಿಯನ್ನು, ಅಂದರೆ ಬೇರು ಬರಿಸುವ ಹಾರ್ಮೋನ್ ಪುಡಿಯನ್ನು, ದಪ್ಪಗೆ ಮೆತ್ತಿದ್ದೆ. ಮೂರು ವಾರಕ್ಕೆ ಎಲ್ಲದಕ್ಕೂ ತಿಳಿ ಗುಲಾಬಿ ಬಣ್ಣದ ಬೇರು ಗಡ್ಡದ ಹಾಗೆ ಇಳಿದವು. ನನಗೆ ಖುಷಿಯೋ ಖುಷಿ. ಆದರೆ ಎರಡು ತಿಂಗಳಾದರೂ ಹೆಚ್ಚಿನವಕ್ಕೆ ಮರಿ ಮಾತ್ರ ಕಾಣಲಿಲ್ಲ. 36ರಲ್ಲಿ ಮರಿ ಹಾಕಿದ್ದು ಐದೇ ಐದು. ಪುಡಿ ಸಾಲದೆ ಪಕ್ಕದಲ್ಲಿ ಸುಮ್ನೆ ಇಟ್ಟಿದ್ದ 12 ಎಲೆಗಳಲ್ಲಿ ಒಂಬತ್ತಕ್ಕೆ ಮರಿ ಬಂದಿತ್ತು.

ಕಾರಣ ಆಮೇಲೆ ತಿಳಿಯಿತು. ಬೇರಿನ ಪುಡಿಯಲ್ಲಿರುವುದು ಆಕ್ಸಿನ್ ಜಾತಿಯ ಹಾರ್ಮೋನ್. ಅದು ಬೇರು ಹೊರಡಿಸುತ್ತದೆ, ಜಾಸ್ತಿಯಾದರೆ ಚಿಗುರನ್ನು ತಡೆಯುತ್ತದೆ. ಚಿಗುರಿಗೆ ಬೇಕಾದದ್ದು ಸೈಟೊಕೈನಿನ್ ಅನ್ನುವ ಬೇರೆ ಹಾರ್ಮೋನ್. ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು 1957ರಲ್ಲಿ ಹೊಗೆಸೊಪ್ಪಿನ ಕಾಂಡದ ತಿರುಳಿನ ಮೇಲೆ ಇದನ್ನು ಮಾಡಿ ತೋರಿಸಿದರು. ಆಕ್ಸಿನ್ ಕೈ ಮೇಲಾದರೆ ಬೇರು. ಸೈಟೊಕೈನಿನ್ ಕೈ ಮೇಲಾದರೆ ಚಿಗುರು. ಕಡ್ಡಿ ನೆಡುವಾಗ ಇದರ ತಲೆನೋವು ಕಮ್ಮಿ, ಯಾಕೆಂದರೆ ಕಡ್ಡಿಯಲ್ಲಿ ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಮೊದಲೇ ಇರುತ್ತದೆ. ಬೇರು ಬಂದರೆ ಸಾಕು, ಕಣ್ಣು ತಾನಾಗಿ ಒಡೆಯುತ್ತದೆ. ಎಲೆಯಲ್ಲಿ ಬೇರೂ ಹೊಸದಾಗಿ ಹುಟ್ಟಬೇಕು, ಚಿಗುರೂ ಹೊಸದಾಗಿ ಹುಟ್ಟಬೇಕು. ಅಲ್ಲಿ ನಾವು ಬೇರಿನ ಕಡೆಗೇ ತಕ್ಕಡಿ ಜಗ್ಗಿದರೆ ಮರಿ ಎಲ್ಲಿಂದ ಬರಬೇಕು?

ಹಾಗಾಗಿ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಎಲೆಯಿಂದ ಮಾಡುವ ಸಕ್ಯುಲೆಂಟ್‌ಗೆ ಹಾರ್ಮೋನ್ ಬೇಡ. ಕಡ್ಡಿಯಿಂದ ಮಾಡುವ ಗಟ್ಟಿ ಗಿಡಕ್ಕೆ ಬೇಕು, ಅಳತೆ ನೋಡಿ ಬೇಕು.

ಕಡ್ಡಿಗಳಲ್ಲೂ ಎಲ್ಲದಕ್ಕೂ ಬೇಕಾಗಿಲ್ಲ. ನನ್ನ ತವರು ಶಿಡ್ಲಘಟ್ಟದ ಕಡೆ. ರೇಷ್ಮೆ ಮನೆತನ. ಅಪ್ಪ ಹಿಪ್ಪುನೇರಳೆ ಕಡ್ಡಿಯನ್ನು ಒಂದು ಗೇಣಿನಷ್ಟು ಕತ್ತರಿಸಿ, ಮೂರು ನಾಲ್ಕು ಕಣ್ಣು ಇರುವ ಹಾಗೆ ನೋಡಿಕೊಂಡು, ಹಾಗೇ ಮಡಿಗೆ ಚುಚ್ಚುತ್ತಿದ್ದರು. ಯಾವ ಔಷಧಿಯೂ ಇಲ್ಲ. ಚಿಕ್ಕವಳಿದ್ದಾಗ ನಾನು ಒಂದಷ್ಟು ಕಡ್ಡಿ ತಲೆಕೆಳಗಾಗಿ ನೆಟ್ಟಿದ್ದೆ. ಅಪ್ಪ ಬಯ್ಯಲಿಲ್ಲ. ಒಂದನ್ನು ಕಿತ್ತು ನನ್ನ ಬೆರಳನ್ನು ಕಣ್ಣಿನ ಮೇಲೆ ಇಟ್ಟು, "ಕಣ್ಣು ಆಕಾಶ ನೋಡ್ಬೇಕು ಕಣಮ್ಮಾ" ಅಂದರು. ಗಿಡದ ಸ್ವಂತ ಆಕ್ಸಿನ್ ತುದಿಯಲ್ಲಿ ತಯಾರಾಗಿ ಬುಡದ ಕಡೆಗೆ ಇಳಿಯುತ್ತದೆ, ಅಲ್ಲಿ ಸೇರಿಕೊಂಡು ಬೇರು ಹೊರಡಿಸುತ್ತದೆ. ಅದಕ್ಕೇ ಬುಡ ಯಾವುದು, ತುದಿ ಯಾವುದು ಅಂತ ಮರೆಯಬಾರದು. ನಾನು ಈಗಲೂ ಕಡ್ಡಿಯ ಬುಡವನ್ನು ಗಿಣ್ಣಿನ ಕೆಳಗೆ ನೇರವಾಗಿ, ತುದಿಯನ್ನು ಓರೆಯಾಗಿ ಕತ್ತರಿಸುತ್ತೇನೆ. ರಾಶಿ ಹಾಕಿದರೂ ಗೊಂದಲ ಆಗುವುದಿಲ್ಲ.

ಹಿಪ್ಪುನೇರಳೆ, ನುಗ್ಗೆ, ದೊಡ್ಡಪತ್ರೆ, ಮನಿ ಪ್ಲಾಂಟ್ ಇವಕ್ಕೆಲ್ಲ ದುಡ್ಡು ಹಾಕಿ ಪುಡಿ ತರುವುದು ದಂಡ. ಜೇಡ್ ಗಿಡದ ತುಂಡು ಮುರಿದು ಬಿದ್ದಲ್ಲೇ ಬೇರು ಬಿಡುತ್ತದೆ. ಲೋಳೆಸರ ಪಕ್ಕದಲ್ಲೇ ಮರಿ ಹಾಕುತ್ತದೆ, ಬಿಡಿಸಿ ನೆಟ್ಟರಾಯಿತು. ಹಾರ್ಮೋನ್ ನಿಜವಾಗಿ ಕೆಲಸಕ್ಕೆ ಬರುವುದು ಕಾಗದದ ಹೂವಿಗೆ, ಗುಲಾಬಿಗೆ, ಹೈಬ್ರಿಡ್ ದಾಸವಾಳಕ್ಕೆ, ಮಲ್ಲಿಗೆಗೆ. ಸೇವಂತಿಗೆ ಹಾಗೇ ಬರುತ್ತದೆ, ಪುಡಿ ಸೋಕಿಸಿದರೆ ಎಲ್ಲ ಕಡ್ಡಿಗೂ ಒಟ್ಟಿಗೆ, ಜಾಸ್ತಿ ಬೇರು ಬರುತ್ತದೆ.

ಹಾರ್ಮೋನ್ ಅಂದ ತಕ್ಷಣ ಎಲ್ಲವೂ ಒಂದೇ ಅಲ್ಲ. ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ದ್ರಾಕ್ಷಿ ತೋಟದವರ ಮನೆಯಲ್ಲಿ ಜಿಎ ಅನ್ನುವ ಇನ್ನೊಂದು ಹಾರ್ಮೋನಿನ ಪುಡಿ ಇದ್ದೇ ಇರುತ್ತದೆ. ಬೀಜವಿಲ್ಲದ ದ್ರಾಕ್ಷಿಯ ಗೊಂಚಲು ಉದ್ದವಾಗಲಿ, ಕಾಯಿ ದಪ್ಪವಾಗಲಿ ಅಂತ ಅದರ ನೀರಿನಲ್ಲಿ ಅದ್ದುತ್ತಾರೆ. ಪಕ್ಕದ ಮನೆ ಆಂಟಿ ಅದನ್ನೇ ಒಂದು ಲೋಟ ಇಸಕೊಂಡು ಬಂದು ಗುಲಾಬಿ ಕಡ್ಡಿ ನೆನೆಸಿದರು. ಒಂದೂ ಬರಲಿಲ್ಲ. ಜಿಎ ಅಂದರೆ ಜಿಬ್ಬರೆಲಿನ್. ಅದು ಬೇರನ್ನು ತಡೆಯುವುದೇ ಜಾಸ್ತಿ. ಎಳನೀರಿನಲ್ಲಿ ಕಡ್ಡಿ ನೆನೆಸಿ ಅನ್ನುವವರೂ ಇದ್ದಾರೆ. ಎಳನೀರಿನಲ್ಲಿ ಸೈಟೊಕೈನಿನ್ ಇರುವುದು ನಿಜ, ಆದರೆ ಅದು ಚಿಗುರಿನ ಕಡೆಯದು. ದಾಲ್ಚಿನ್ನಿ ಪುಡಿ ಬೂಸ್ಟು ತಡೆಯಬಹುದು, ಬೇರು ಕೊಡುವುದಿಲ್ಲ. ಕೊಳ್ಳುವಾಗ ಡಬ್ಬಿ ಮೇಲೆ ಆಕ್ಸಿನ್ ಹೆಸರುಗಳಾದ ಐಬಿಎ ಅಥವಾ ಎನ್‌ಎಎ ಅಂತ ಇದೆಯಾ ನೋಡಿ. ನಾನು ಐಬಿಎ ಇರುವುದನ್ನೇ ತರುತ್ತೇನೆ. ತಯಾರಾದ ತಾರೀಖನ್ನೂ ನೋಡಿ. ಬಿಸಿಲು ಬೀಳುವ ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಡಬ್ಬಿಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಮನೆಗೆ ತಂದ ಮೇಲೆ ಅದನ್ನು ಇನ್ನೊಂದು ಡಬ್ಬಿಯೊಳಗೆ ಹಾಕಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಹಾಗೆ ಫ್ರಿಜ್‌ನಲ್ಲಿಡಿ.

ಇನ್ನು ಅಳತೆ. ಡಬ್ಬಿಯ ಮೇಲೆ 0.1 ಪರ್ಸೆಂಟ್ ಅಂತ ಇದ್ದರೆ ಅದು 1000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು ಹಾರ್ಮೋನ್. 0.3 ಅಂದರೆ 3000. 0.8 ಅಂದರೆ 8000. ಎಳೆ ಕಾಂಡಕ್ಕೆ, ಅಂದರೆ ಸೇವಂತಿಗೆಯ ತುದಿಗೆ, ಮಲ್ಲಿಗೆಯ ಎಳೆ ಬಳ್ಳಿಗೆ 1000 ಸಾಕು. ಅರ್ಧ ಬಲಿತ ದಾಸವಾಳ, ಗುಲಾಬಿ, ಪೆನ್ಸಿಲ್ ದಪ್ಪದ ಕಾಗದದ ಹೂವಿನ ಕಡ್ಡಿಗೆ 3000. ಚೆನ್ನಾಗಿ ಬಲಿತು ಮರದಂತಾದ ಕಡ್ಡಿಗೆ ಮಾತ್ರ 8000. ಎಳೆ ಕಾಂಡಕ್ಕೆ ಜಾಸ್ತಿ ಶಕ್ತಿಯದು ಹಚ್ಚಿದರೆ ಬುಡ ಸುಟ್ಟ ಹಾಗೆ ಕಪ್ಪಾಗಿ ಕೊಳೆಯುತ್ತದೆ.

ಹಚ್ಚುವುದು ಹೇಗೆ ಅಂದರೆ, ಕಾಗದದ ಹೂವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ರೋಗವಿಲ್ಲದ ಗಿಡದಿಂದ ಪೆನ್ಸಿಲ್ ದಪ್ಪದ, ಆರರಿಂದ ಎಂಟು ಇಂಚಿನ ಕಡ್ಡಿ ಕತ್ತರಿಸಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿರಬೇಕು. ಕೆಳಗಿನ ಎಲೆ ಎಲ್ಲ ತೆಗೆದು ಮೇಲೆ ಎರಡು ಮೂರು ಬಿಡಿ, ಅದೂ ದೊಡ್ಡದಿದ್ದರೆ ಅರ್ಧ ಕತ್ತರಿಸಿ. ಬುಡದ ಒಂದು ಬದಿಯಲ್ಲಿ ಒಂದಿಂಚು ಉದ್ದಕ್ಕೆ ತೊಗಟೆಯನ್ನು ಬ್ಲೇಡಿನಿಂದ ತೆಳ್ಳಗೆ ಹೆರೆಯಿರಿ. ಕೆಳಗಿನ ಹಸಿರು ಪದರ ಕಂಡರೆ ಸಾಕು, ಬಿಳಿ ಮರದವರೆಗೆ ಹೋಗಬೇಡಿ. ಆ ಹೆರೆದ ಅಂಚಿನಲ್ಲೇ ಬೇರು ಸಾಲಾಗಿ ಏಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಪುಡಿಯನ್ನು ಒಂದು ಮುಚ್ಚಳಕ್ಕೆ ಸ್ವಲ್ಪ ಸುರಿದುಕೊಳ್ಳಿ. ಕಡ್ಡಿಯನ್ನು ಡಬ್ಬಿಗೇ ಅದ್ದಬೇಡಿ. ಒಂದು ಹಸಿ ಕಡ್ಡಿಯ ನೀರು, ಬೂಸ್ಟು ಸೇರಿದರೆ ಇಡೀ ಡಬ್ಬಿ ಹಾಳು. ಬುಡದ ಒಂದಿಂಚನ್ನು ಪುಡಿಯಲ್ಲಿ ಹೊರಳಿಸಿ, ಬೆರಳಿನಿಂದ ಕಡ್ಡಿಯನ್ನು ಎರಡು ಸಲ ತಟ್ಟಿ. ಜಾಸ್ತಿ ಇದ್ದದ್ದು ಉದುರಿ, ರಂಗೋಲಿ ಪುಡಿ ಸೋಕಿದ ಬೆರಳಿನ ಹಾಗೆ ತೆಳುವಾಗಿ ಉಳಿಯಬೇಕು. ಆಮೇಲೆ ಬೇರೆ ಕಡ್ಡಿಯಿಂದ ಮಣ್ಣಿನಲ್ಲಿ ತೂತು ಮಾಡಿ ಅದರೊಳಗೆ ಇಳಿಸಿ, ಸುತ್ತ ಒತ್ತಿ. ಸೀದಾ ಚುಚ್ಚಿದರೆ ಪುಡಿಯೆಲ್ಲ ಮೇಲೇ ಉಳಿದುಬಿಡುತ್ತದೆ. ಮುಚ್ಚಳದಲ್ಲಿ ಮಿಕ್ಕಿದ್ದನ್ನು ಡಬ್ಬಿಗೆ ಹಾಕದೆ ಬಿಸಾಡಿ. ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ ಇರಲಿ.

ನೂರಾರು ಕಡ್ಡಿ ಇದ್ದರೆ ದ್ರಾವಣ ವಾಸಿ. ಇದನ್ನು ನನಗೆ ಕಲಿಸಿದ್ದು ನಮ್ಮ ಭಾವ. ಅವರು ದ್ರಾಕ್ಷಿಗೆ ಡಾಗ್‌ರಿಡ್ಜ್ ಬೇರುಸಸಿ ಮಾಡಿಕೊಳ್ಳುತ್ತಾರೆ. ಬರಕ್ಕೂ ಉಪ್ಪು ನೀರಿಗೂ ತಡೆಯುವ ಬೇರು ಅದು. ಬೆಳೆದ ಮೇಲೆ ಅದಕ್ಕೆ ಬೇಕಾದ ದ್ರಾಕ್ಷಿಯನ್ನು ಕಸಿ ಕಟ್ಟುತ್ತಾರೆ. ಐಬಿಎ ಬರೀ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದು ಗ್ರಾಂ ಐಬಿಎಯನ್ನು ಮೊದಲು ಅರ್ಧ ಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕರಗಿಸಿ, ಆಮೇಲೆ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್ ಸೇರಿಸಿದರೆ 1000 ಪಿಪಿಎಂ. ಎರಡೂ ಕಾಲು ಕಾಲು ಲೀಟರ್ ಹಾಕಿದರೆ 2000. ಹತ್ತಿರ ಒಲೆ, ಬೀಡಿ ಏನೂ ಇರಬಾರದು. ಕಂತೆ ಕಟ್ಟಿದ ಕಡ್ಡಿಗಳ ಬುಡವನ್ನು ಒಂದಿಂಚು ಅದ್ದಬೇಕು. "ಐದು ಎಣಿಸು, ತೆಗಿ. ಆರು ಬೇಡ" ಅನ್ನುತ್ತಾರೆ ಭಾವ. ಸ್ಪಿರಿಟ್ ಆರಿದ ಮೇಲೆ ನೆಡುವುದು. ಈ ದ್ರಾವಣ ಸಕ್ಯುಲೆಂಟ್‌ಗೆ ಬೇಡವೇ ಬೇಡ, ಅದರ ನೀರು ತುಂಬಿದ ಮೆತ್ತನೆ ಕಾಂಡಕ್ಕೆ ಆಲ್ಕೊಹಾಲ್ ಆಗುವುದಿಲ್ಲ.

ಸಕ್ಯುಲೆಂಟ್‌ನಲ್ಲಿ ನಾನು ಪುಡಿ ಬಳಸುವುದು ಕಾಂಡದ ತುಂಡಿಗೆ ಮಾತ್ರ. ಉದ್ದ ಬೆಳೆದು ಸೊರಗಿದ ಎಚೆವೆರಿಯಾದ ತಲೆ ಕತ್ತರಿಸಿದಾಗ, ಕಳ್ಳಿಯ ತುಂಡು ತೆಗೆದಾಗ, ಕಳ್ಳಿಯಂತೆ ಕಾಣುವ ಯುಫೋರ್ಬಿಯಾ ಕತ್ತರಿಸಿದಾಗ. 1000 ಪಿಪಿಎಂ ಪುಡಿಯನ್ನು ಗಾಯದ ಅಂಚಿಗೆ ಸೋಕಿಸಿ, ನೆರಳಿನಲ್ಲಿ ಒಣಗಲು ಬಿಡುತ್ತೇನೆ. ಸಣ್ಣ ತುಂಡಿಗೆ ಮೂರು ನಾಲ್ಕು ದಿನ, ದಪ್ಪ ಕಳ್ಳಿಗೆ ಹತ್ತು ದಿನದ ಮೇಲೂ ಬೇಕು. ಗುಲಾಬಿ ಕಡ್ಡಿಯನ್ನು ಕತ್ತರಿಸಿದ ತಕ್ಷಣ ನೆಡಬೇಕು, ಇದನ್ನು ಒಣಗಿಸಿ ನೆಡಬೇಕು. ಹೊಸಬರು ಸೋಲುವುದು ಇಲ್ಲೇ. ಗಾಯ ಮುಟ್ಟಿದರೆ ಒಣಗಿದ ಚರ್ಮದ ಹಾಗೆ ಗಟ್ಟಿಯಾಗಿರಬೇಕು. ಯುಫೋರ್ಬಿಯಾದ ಬಿಳಿ ಹಾಲು ಕಣ್ಣಿಗೆ ಬಿದ್ದರೆ ತುಂಬಾ ಅಪಾಯ. ಗ್ಲೌಸ್ ಹಾಕಿ, ಹಾಲು ನಿಲ್ಲುವವರೆಗೆ ತುದಿಯನ್ನು ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಪುಡಿ.

ಎಲೆಯಿಂದ ಮಾಡುವವರು ಕಾಂಡದಿಂದ ಎಲೆಯನ್ನು ಮೆಲ್ಲಗೆ ಆಚೆ ಈಚೆ ಅಲ್ಲಾಡಿಸಿ ಬುಡ ಪೂರ್ತಿ ಬರುವ ಹಾಗೆ ಬಿಡಿಸಿ. ಬುಡ ಅರ್ಧ ಹರಿದ ಎಲೆಗೆ ಎಷ್ಟು ಆರೈಕೆ ಮಾಡಿದರೂ ಮರಿ ಬರುವುದಿಲ್ಲ. ನಾಲ್ಕೈದು ದಿನ ಒಣಗಿಸಿ ಮಣ್ಣಿನ ಮೇಲೆ ಮಲಗಿಸಿ, ಹೂಳಬೇಡಿ. ಬೇರು ಕಂಡ ಮೇಲೆ ಸ್ಪ್ರೇ ನೀರು. ಹಳದಿ ಅಂಚಿನ ಸ್ನೇಕ್ ಪ್ಲಾಂಟನ್ನು ಮಾತ್ರ ಎಲೆ ತುಂಡಿನಿಂದ ಮಾಡಬೇಡಿ. ಮರಿಗಳಲ್ಲಿ ಹಳದಿ ಅಂಚು ಹೋಗಿ ಬರೀ ಹಸಿರು ಬರುತ್ತದೆ. ಅದನ್ನು ಬುಡದ ಮರಿ ಬಿಡಿಸಿಯೇ ಮಾಡಬೇಕು.

ಮಣ್ಣಿನ ವಿಷಯ. ಈಗ ಹೊಳೆ ಮರಳು ಸಿಗುವುದು ಕಷ್ಟ, ಎಂ-ಸ್ಯಾಂಡೇ ಗತಿ. ಅದರ ಸಣ್ಣ ಪುಡಿ ನೀರು ಬಿದ್ದರೆ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು ದಪ್ಪ ಕಾಳನ್ನಷ್ಟೇ ಇಟ್ಟುಕೊಳ್ಳಿ. ಹೂವಿನ ಕಡ್ಡಿಗಳಿಗೆ ಈ ಮರಳು ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ. ಸಕ್ಯುಲೆಂಟ್‌ಗೆ ಎರಡು ಪಾಲು ಮರಳು ಅಥವಾ ಇಟ್ಟಿಗೆ ಚೂರು, ಒಂದು ಪಾಲು ಕೆಂಪು ಮಣ್ಣು. ಗೊಬ್ಬರ ಈಗ ಬೇಡ. ನಮ್ಮ ಬೋರ್‌ವೆಲ್ ನೀರು ಗಡಸು, ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದಕ್ಕೇ ಮಳೆನೀರನ್ನು ಡ್ರಮ್‌ನಲ್ಲಿ ಹಿಡಿದಿಟ್ಟು ಸಸಿಗಳಿಗೆ ಅದನ್ನೇ ಹಾಕುತ್ತೇನೆ.

ಕಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್. ನಂದಿ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬೀಸುವ ಡಿಸೆಂಬರ್, ಜನವರಿಯಲ್ಲಿ ಬೇರು ಬಲು ನಿಧಾನ. ಹೂವಿನ ಕಡ್ಡಿಗಳ ಕುಂಡಕ್ಕೆ ಪಾರದರ್ಶಕ ಕವರ್ ಮುಚ್ಚಿ ನೆರಳಿನಲ್ಲಿಡಿ, ದಿನಕ್ಕೊಂದು ಸಲ ಗಾಳಿಯಾಡಲು ತೆರೆಯಿರಿ. ಸಕ್ಯುಲೆಂಟ್‌ಗೆ ಕವರ್ ಮುಚ್ಚಿದರೆ ಕೊಳೆಯುತ್ತದೆ.

ಆಮೇಲೆ ಕಾಯುವುದು. ಸೇವಂತಿಗೆಗೆ ಎರಡು ಮೂರು ವಾರ, ಕಾಗದದ ಹೂವಿಗೆ ಆರರಿಂದ ಎಂಟು ವಾರ. ಎರಡನೇ ವಾರಕ್ಕೇ ಚಿಗುರು ಕಂಡರೆ ಬೇರು ಬಂತು ಅಂದುಕೊಳ್ಳಬೇಡಿ. ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದಲೇ ಕಣ್ಣು ಒಡೆದಿರುತ್ತದೆ. ಆಗ ಕಿತ್ತು ನೋಡಿದರೆ ಆಗ ತಾನೇ ಮೂಡುತ್ತಿದ್ದ ಬೇರು ಮುರಿಯುತ್ತದೆ. ನಾನು ಪಾರದರ್ಶಕ ಪ್ಲಾಸ್ಟಿಕ್ ಲೋಟಕ್ಕೆ ತಳದಲ್ಲಿ ತೂತು ಮಾಡಿ ಅದರಲ್ಲೇ ನೆಟ್ಟು, ಬೆಳಕು ತಾಗದ ಹಾಗೆ ಸುತ್ತ ಪೇಪರ್ ಸುತ್ತಿಡುತ್ತೇನೆ. ವಾರಕ್ಕೊಮ್ಮೆ ಪೇಪರ್ ಸರಿಸಿ ನೋಡುವುದು. ಲೋಟದ ಗೋಡೆಗೆ ಬಿಳಿ ಬೇರು ನಾಲ್ಕು ಕಡೆ ಅಂಟಿಕೊಂಡು ಕಂಡ ದಿನ ಕವರ್ ತೆಗೆದು, ವಾರ ಹತ್ತು ದಿನ ಬೆಳಗಿನ ಎಳೆ ಬಿಸಿಲಿಗೆ ಒಗ್ಗಿಸಿ, ಆಮೇಲೆ ಕುಂಡಕ್ಕೆ ಬದಲಾಯಿಸುತ್ತೇನೆ.