ಹೊಸಬರಿಗೆ ಮಾರ್ಗದರ್ಶಿ: ಕಾರಿನ ವಾಟರ್ ಪಂಪ್ ಹೋದರೆ ಎಷ್ಟಾಗುತ್ತೆ?

ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದ ಹೊಸದರಲ್ಲಿ ನಮ್ಮವರು ಕೊಳ್ಳುವುದು ಹೆಚ್ಚಾಗಿ ಹಳೇ ಟೊಯೋಟ ಕ್ಯಾಮ್ರಿ, ಇಲ್ಲ ಹಳೇ ಹೋಂಡಾ ಒಡಿಸ್ಸಿ. ಒಳ್ಳೇ ಗಾಡಿಗಳೇ. ಆದರೆ ಲಕ್ಷ ಮೈಲಿ ಓಡಿದ ಮೇಲೆ ವಾಟರ್ ಪಂಪ್, ಅಂದರೆ ಎಂಜಿನ್ ತಣ್ಣಗಿಡುವ ಕೂಲೆಂಟ್ ದ್ರವವನ್ನು ಸುತ್ತಿಸುವ ಪಂಪ್, ಇವತ್ತಲ್ಲ ನಾಳೆ ಸೋರಬಹುದು. ಆಗ ಕೈಗೆ ಬರುವ ಎಸ್ಟಿಮೇಟ್ (ಖರ್ಚಿನ ಅಂದಾಜು) ನೋಡಿದರೆ ಎದೆ ಧಸಕ್ ಅನ್ನುತ್ತೆ. ಆ ದುಡ್ಡು ಎಲ್ಲಿಗೆ ಹೋಗುತ್ತೆ, ಶಾಪಿನವರನ್ನು ಏನು ಕೇಳಬೇಕು ಅಂತ ಮೊದಲೇ ಗೊತ್ತಿರಲಿ.

ಸೂಜಿ ಮೇಲೇರಿದರೆ ಗಾಡಿ ನಿಲ್ಲಿಸಿ

ಬೇಸಿಗೆಯಲ್ಲಿ ಲಿವರ್‌ಮೋರ್ ದೇವಸ್ಥಾನಕ್ಕೆ ಹೊರಟಿರ್ತೀರಿ. 680 ಹೈವೇಯ ಸುನೋಲ್ ಏರಿನಲ್ಲಿ ಟೆಂಪರೇಚರ್ ಸೂಜಿ ಕೆಂಪು ಕಡೆ ಹೋಗುತ್ತೆ. "ಇನ್ನೇನು ಬಂತು, ಹೋಗಿಬಿಡೋಣ" ಅನ್ನೋದು ನಮ್ಮ ಜನರ ಅಭ್ಯಾಸ. ದಯವಿಟ್ಟು ಬೇಡ. ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಪಕ್ಕಕ್ಕೆ ತಂದು ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುತ್ತೆ, ಮುಖಕ್ಕೇ ಹಾರುತ್ತೆ. ಹಾಗೇ ಓಡಿಸಿದರೆ ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತೆ, ಅದರ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುತ್ತೆ. ಆಮೇಲೆ ಮಾತು ನೂರರಲ್ಲಿರಲ್ಲ, ಸಾವಿರಗಳಲ್ಲಿರುತ್ತೆ. ಅದಕ್ಕೆ ಹೋಲಿಸಿದರೆ ಟೋಯಿಂಗ್ ಖರ್ಚು ಏನೂ ಅಲ್ಲ.

ಪಂಪ್ ಮೊದಲೇ ಸುಳಿವು ಕೊಡುತ್ತೆ. ಶಾಫ್ಟ್ ಸುತ್ತ ಇರುವ ಸೀಲ್ ಸವೆದಾಗ, ಕೆಳಗಿನ ಸಣ್ಣ ತೂತಿನಿಂದ ಕೂಲೆಂಟ್ ಜಿನುಗುತ್ತೆ. ಗೊತ್ತಾಗಲಿ ಅಂತಲೇ ಆ ತೂತು ಬಿಟ್ಟಿರುತ್ತಾರೆ. ಜಿನುಗಿದ್ದು ಬಿಸಿಗೆ ಒಣಗಿ ಗಟ್ಟಿ ಪದರ ಕಟ್ಟುತ್ತೆ. ಟೊಯೋಟದಲ್ಲಾದರೆ ಸಾಮಾನ್ಯವಾಗಿ ಗುಲಾಬಿ ಬಣ್ಣ, ಹೋಂಡಾದಲ್ಲಾದರೆ ನೀಲಿ. ಟಾರ್ಚ್ ಹಿಡಿದು ನೋಡಿದರೆ ಎಷ್ಟೋ ಗಾಡಿಗಳಲ್ಲಿ ಕಾಣುತ್ತೆ. ಸಿಹಿ ವಾಸನೆ, ಬೆಲ್ಟ್ ಕಡೆಯಿಂದ ಕುಂಯ್ ಅನ್ನುವ ಸದ್ದು, ಪಾರ್ಕಿಂಗ್ ಜಾಗದಲ್ಲಿ ಮುಂಭಾಗದ ಕೆಳಗೆ ಬಣ್ಣದ ಹನಿ, ಇವೂ ಸುಳಿವುಗಳೇ.

ದುಡ್ಡೆಲ್ಲ ಕೂಲಿಗೆ

ಊರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಪಾರ್ಟ್ ತಂದು ಪರಿಚಯದ ಮೆಕ್ಯಾನಿಕ್ ಕೈಗೆ ಕೊಡ್ತಿದ್ವಿ. ಕೂಲಿ ಕೊನೆಯ ಮಾತು. ಇಲ್ಲಿ ಪೂರ್ತಿ ಉಲ್ಟಾ. ಬಹಳಷ್ಟು ಗಾಡಿಗಳಿಗೆ ಪಂಪ್ 50ರಿಂದ 250 ಡಾಲರ್ ಒಳಗೆ ಸಿಗುತ್ತೆ. ಕೂಲಿ ಮಾತ್ರ ಗಂಟೆಗೆ 150, ಡೀಲರ್ ಹತ್ತಿರ 200 ದಾಟುತ್ತೆ. ಹಾಗಾಗಿ ಪಂಪ್ ಎಲ್ಲಿ ಕೂತಿದೆ ಅನ್ನೋದರ ಮೇಲೇ ಬಿಲ್ ನಿಂತಿದೆ.

2002ರಿಂದ 2017ರ ಮಾಡೆಲ್‌ವರೆಗಿನ, ಹೈಬ್ರಿಡ್ ಅಲ್ಲದ ನಾಲ್ಕು ಸಿಲಿಂಡರ್ ಕ್ಯಾಮ್ರಿಯಲ್ಲಿ ಪಂಪ್ ಹೊರಗಿನ ಬೆಲ್ಟ್ ಮೇಲಿದೆ. ಸುಮಾರು 500ರಿಂದ 900ರೊಳಗೆ ಮುಗಿಯುತ್ತೆ. 2010ರ ಮಾಡೆಲ್‌ನಿಂದ ಈಚೆಗಿನ ಪ್ರಿಯಸ್‌ನಲ್ಲಿ ಪಂಪ್ ಕರೆಂಟಿನದು. ಪಾರ್ಟ್ ದುಬಾರಿ, ಕೂಲಿ ಅಷ್ಟಿಲ್ಲ. ಎಕ್ಸ್‌ಪ್ಲೋರರ್, ಎಡ್ಜ್, ಫ್ಲೆಕ್ಸ್‌ಗಳಲ್ಲಿ ಬಂದ ಫೋರ್ಡಿನ 3.5 ಲೀಟರ್ ವಿ6 ಎಂಜಿನ್ನಿದ್ದರೆ ಹುಷಾರು. ಎಷ್ಟೋ ಮಾಡೆಲ್‌ಗಳಲ್ಲಿ ಪಂಪ್ ಎಂಜಿನ್ ಒಳಗೇ, ಟೈಮಿಂಗ್ ಚೈನ್ (ವಾಲ್ವ್, ಪಿಸ್ಟನ್‌ಗಳ ಚಲನೆ ಹೊಂದಿಸುವ ಸರಪಳಿ) ಹಿಂದೆ ಇದೆ. 2000 ಡಾಲರ್ ಮೇಲೇ ಹೋಗುತ್ತೆ. ಕೊಳ್ಳುವ ಮೊದಲೇ ಇದನ್ನು ವಿಚಾರಿಸಿ.

ಈಗ ಒಡಿಸ್ಸಿ. ಇದನ್ನು ಪ್ರತಿಯೊಬ್ಬರೂ ಓದಲೇಬೇಕು. ಹೋಂಡಾ ಪೈಲಟ್ ಕೊಂಡವರೂ ಓದಿ. ಇವುಗಳ ವಿ6 ಎಂಜಿನ್ನಿನಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್, ಟೈಮಿಂಗ್ ಚೈನಿನ ಕೆಲಸವನ್ನೇ ಮಾಡುವ ಬೆಲ್ಟ್. ಆ ಬೆಲ್ಟನ್ನೇ ಸುಮಾರು ಲಕ್ಷ ಮೈಲಿಗೆ ಬದಲಿಸಬೇಕು. ಓಡುವಾಗ ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹೋಗುತ್ತೆ. ನಮ್ಮ ಮನೆಯ ಒಡಿಸ್ಸಿಗೆ ಒಂದು ಶಾಪಿನವರು ಹೊಸ ಪಂಪ್ ಹಾಕಿ, ಹಳೇ ಬೆಲ್ಟನ್ನೇ ತಿರುಗಿ ಕೂರಿಸಿ ಕೊಟ್ಟರು. ಬೆಲ್ಟಿನ ಮಾತೇ ಎತ್ತಲಿಲ್ಲ. ಕೆಲವೇ ತಿಂಗಳಲ್ಲಿ ಬೆಲ್ಟಿಗಾಗಿ ಅದೇ ಕವರ್‌ಗಳನ್ನು ಬಿಚ್ಚಬೇಕಾಯಿತು, ಅದೇ ಕೂಲಿ ಮತ್ತೊಮ್ಮೆ ತೆರಬೇಕಾಯಿತು. ಆ ಕಾಲಕ್ಕೆ ಅದು ನಮಗೆ ಸಣ್ಣ ದುಡ್ಡಲ್ಲ. ಊರಲ್ಲಿ ಬೋರ್‌ವೆಲ್ ಮೋಟಾರ್ ಎತ್ತಿಸಿದಾಗ ಕೇಬಲ್ಲೂ ನೋಡಿಸ್ತೀವಲ್ಲ, ಇದೂ ಹಾಗೇ. ಬೆಲ್ಟ್, ಪಂಪ್, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಶನರ್, ಅದು ಸಾಗುವ ಐಡ್ಲರ್ ಪುಲ್ಲಿಗಳು ಎಲ್ಲಾ ಒಟ್ಟಿಗೇ ಆಗಬೇಕು. ಒಟ್ಟು ಸುಮಾರು 1200ರಿಂದ 2000. ಹಳೇ ಒಡಿಸ್ಸಿ ಕೊಳ್ಳುವಾಗ ಮಾರುವವರ ಹತ್ತಿರ ಬೆಲ್ಟ್ ಬದಲಿಸಿದ ರಸೀದಿ ಕೇಳಿ. ಇಲ್ಲದಿದ್ದರೆ ಅಷ್ಟು ದುಡ್ಡು ಬೆಲೆಯಲ್ಲಿ ಇಳಿಸಲು ಕೇಳಿ.

ಚೌಕಾಸಿ ಅಲ್ಲ, ಎಸ್ಟಿಮೇಟ್

ಇಲ್ಲಿ ಕೌಂಟರಿನಲ್ಲಿ ನಿಂತು "ಸ್ವಲ್ಪ ನೋಡಿ ಮಾಡಿ ಸಾರ್" ಅಂದರೆ ಜಾಸ್ತಿ ಏನೂ ಇಳಿಯಲ್ಲ. ಎರಡು ಮೂರು ಕಡೆ ಎಸ್ಟಿಮೇಟ್ ತಗೊಳ್ಳಿ. ಕ್ಯಾಲಿಫೋರ್ನಿಯಾ ಕಾನೂನು ನಿಮ್ಮ ಕಡೆಗಿದೆ. ಕೆಲಸ ಶುರು ಮಾಡುವ ಮೊದಲು ಶಾಪಿನವರು ಎಸ್ಟಿಮೇಟ್ ಬರೆದು ಕೊಡಬೇಕು. ನೀವು ಒಪ್ಪದೆ ಅದಕ್ಕಿಂತ ಜಾಸ್ತಿ ಹಾಕುವಂತಿಲ್ಲ. ತೆಗೆದ ಹಳೇ ಪಂಪ್ ಬೇಕಿದ್ದರೆ ಕೆಲಸ ಒಪ್ಪಿಸುವಾಗಲೇ ಹೇಳಿ, ಆಮೇಲೆ ಕೇಳಿದರೆ ಸಿಗಲಿಕ್ಕಿಲ್ಲ. ಮೋಸ ಆಗಿದೆ ಅನಿಸಿದರೆ ರಾಜ್ಯದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್‌ಗೆ ದೂರು ಕೊಡಬಹುದು. "ಹೋಗ್ಲಿ ಬಿಡಿ, ನಮಗ್ಯಾಕೆ" ಅಂತ ಸುಮ್ನೆ ಬರಬೇಡಿ. ನಿಮ್ಮ ಹಿಂದೆ ಬರುವ ಕುಟುಂಬಕ್ಕೂ ಅದೇ ಆಗುತ್ತೆ.

ಎಸ್ಟಿಮೇಟಿನಲ್ಲಿ ನೋಡಬೇಕಾದ್ದು:
- ಕೂಲಿ ಎಷ್ಟು ಗಂಟೆ, ಗಂಟೆಗೆ ಎಷ್ಟು
- ಪಾರ್ಟ್ ಕಂಪನಿಯದೋ, ಬೇರೆಯವರದೋ
- ಗ್ಯಾಸ್ಕೆಟ್, ಕೂಲೆಂಟ್ ಸೇರಿದೆಯೋ
- ಥರ್ಮೋಸ್ಟಾಟ್ (ಕೂಲೆಂಟ್ ಹರಿವನ್ನು ತಡೆದು ಬಿಡುವ ವಾಲ್ವ್), ಬೆಲ್ಟ್ ಕೂಡ ಬದಲಿಸುತ್ತಾರೋ
- ವಾರಂಟಿ: ಪಾರ್ಟಿಗೆ ಮಾತ್ರವೋ, ಕೂಲಿಗೂ ಇದೆಯೋ

ಪಾರ್ಟ್ ನೀವೇ ತಂದರೆ ಬಹಳ ಶಾಪ್‌ಗಳು ಹಾಕಲ್ಲ. ಹಾಕಿದರೂ ಸಾಮಾನ್ಯವಾಗಿ ವಾರಂಟಿ ಕೊಡಲ್ಲ.

ಕೂಲೆಂಟ್

ವಿಷ, ಆದರೆ ಸಿಹಿ. ಮಕ್ಕಳು, ನಾಯಿ ಬೆಕ್ಕು ಇರುವ ಮನೆಯವರು ಚೆಲ್ಲಿದ್ದನ್ನು ಕೂಡಲೇ ಒರೆಸಿ. ಚರಂಡಿಗೆ ಸುರಿಯಬೇಡಿ. ನಲ್ಲಿ ನೀರು ತುಂಬಿ ತಿಂಗಳುಗಟ್ಟಲೆ ಓಡಿಸಬೇಡಿ, ಒಳಗೆ ತುಕ್ಕು ಹಿಡಿಯುತ್ತೆ.

ನಮಗೆ ತಿಳಿಸಿ

ರಾಜ್ಯೋತ್ಸವಕ್ಕೆ ಎಲ್ಲರೂ ಬರ್ತೀರಿ, ಬಹಳ ಸಂತೋಷ. ಆದರೆ ಗಾಡಿ ಕೆಟ್ಟಾಗ ಮಾತ್ರ ಸಂಕೋಚ ಪಟ್ಟು ಒಬ್ಬರೇ ಒದ್ದಾಡ್ತೀರಿ. ಅದು ಸರಿಯಲ್ಲ. ನಮ್ಮ ಕೂಟದಲ್ಲಿ ಕಾರು ಬಿಚ್ಚಿ ಜೋಡಿಸುವ ಎಂಜಿನಿಯರುಗಳೇ ಇದ್ದಾರೆ. ಎಸ್ಟಿಮೇಟಿನ ಫೋಟೋ ತೆಗೆದು, ನಿಮ್ಮ ಹೆಸರು ವಿಳಾಸ ಮುಚ್ಚಿ, ಸಹಿ ಹಾಕುವ ಮೊದಲೇ ವಾಟ್ಸಾಪ್ ಗುಂಪಿಗೆ ಹಾಕಿ. ಜೊತೆಗೆ ಗಾಡಿಯ ವರ್ಷ, ಮಾಡೆಲ್, ಎಷ್ಟು ಸಿಲಿಂಡರ್, ಎಷ್ಟು ಮೈಲಿ ಅಂತ ಬರೆಯಿರಿ.